ಮುನ್ನೂರು ಅಡಿ ಕಮ್ಮಿ

ಜೂನ್ ೧೦, ಸೋಮವಾರ. ಹೆಮ್ಮಾಡಿ

ಕಂಪೆನಿಯ ಡಾಕ್ಟರಮ್ಮ ದಿನಚರಿ ಬರೆಯಿರಿ ಅಂದಿದ್ದಾರೆ. ಮನಸ್ಸು ಹಗುರವಾಗುತ್ತದಂತೆ. ನನ್ನ ಮನಸ್ಸೇನು ಲಗೇಜೇ, ಹದಿನೈದು ಕಿಲೋ ದಾಟಿದರೆ ತೆಗೆದು ಕೆಳಗಿಡಲು? ಆದರೂ ಬರೆಯುತ್ತಿದ್ದೇನೆ, ಬೇರೆ ಕೆಲಸ ಇಲ್ಲ. ವಿಚಾರಣೆ ಮುಗಿಯುವ ತನಕ ನಾನು ವಿಮಾನದ ಹತ್ತಿರ ಸುಳಿಯುವಂತಿಲ್ಲ.

ಅಣ್ಣ ಗುಡ್ಡನೂ ಮನೆಯಲ್ಲೇ ಇದ್ದಾನೆ. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆಗೆ ನಿಷೇಧ, ಬೋಟನ್ನು ಗಂಗೊಳ್ಳಿಯಲ್ಲಿ ಕಟ್ಟಿ ಹಾಕಿದ್ದಾನೆ. ಹೀಗೆ ಒಂದೇ ಜಗಲಿಯಲ್ಲಿ ಕಾನೂನು ಕಟ್ಟಿ ಕೂರಿಸಿದ ಇಬ್ಬರು ಗಂಡಸರು. ಅತ್ತಿಗೆ ಸುಗುಣ ಚಾ ಕೊಡುತ್ತ ಕೇಳಿದಳು, “ಇವ್ರದ್ದ್ ಎರಡ್ ತಿಂಗ್ಳ್ ಅಂಬ್ದ್ ಗೊತ್ತಿತ್ತ್. ನಿಂದ್ ಎಷ್ಟ್ ತಿಂಗ್ಳ್ ಮಾರಾಯಾ?”

ಪೇಟೆಗೆ ಹೋಗುವುದೇ ಬೇಡವಾಗಿದೆ. ಬಸ್ ಸ್ಟ್ಯಾಂಡಿನ ಪಕ್ಕ ಎರಡು ವರ್ಷದ ಹಿಂದೆ ಯುವಕ ಮಂಡಲದವರು ಕಟ್ಟಿದ ಫ್ಲೆಕ್ಸ್ ಇನ್ನೂ ನೇತಾಡುತ್ತಿದೆ: ‘ನಮ್ಮೂರ ಹೆಮ್ಮೆ, ಕ್ಯಾಪ್ಟನ್ ಯತೀಶ್’. ಬಿಸಿಲಿಗೆ ಮುಖ ಪೂರ್ತಿ ಮಾಸಿ ಟೊಪ್ಪಿ ಮತ್ತು ಮೀಸೆ ಮಾತ್ರ ಉಳಿದಿವೆ. ಅದರ ಕೆಳಗೇ ನಿಂತಿದ್ದ ಆಟೋದವನು ಕೂಗಿದ, “ಹ್ವಾಯ್ ಕ್ಯಾಪ್ಟನ್ರೆ, ಪ್ಲೇನ್ ಗ್ಯಾರೇಜಿಗ್ ಹೋಯಿತ್ತಾ?” ಹೌದು ಅಂದೆ.

ಜೂನ್ ೧೧, ಮಂಗಳವಾರ

ಅತ್ತಿಗೆಗೆ ಇವತ್ತು ಎಲ್ಲ ವಿವರಿಸಬೇಕಾಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ, ವಿಚಾರಣೆಗೆ ಅಭ್ಯಾಸವಾದ ಹಾಗೂ ಆಯಿತು.

ಅದು ಬೆಟ್ಟಗಳ ನಡುವಿನ ಊರು. ಮೋಡ ಕವಿದರೆ ಕಿಟಕಿಯ ಹೊರಗೆ ನೋಡಿ ಪ್ರಯೋಜನವಿಲ್ಲ, ಮೀಟರು ನೋಡಿಕೊಂಡೇ ಇಳಿಯಬೇಕು. ಇಷ್ಟು ದೂರದಲ್ಲಿ ಇಷ್ಟು ಎತ್ತರ, ಇನ್ನಷ್ಟು ಹತ್ತಿರ ಬಂದಾಗ ಇನ್ನಿಷ್ಟು ಎತ್ತರ, ಹೀಗೆ ಮೆಟ್ಟಿಲು ಇಳಿದ ಹಾಗೆ. ಕೊನೆಯ ಮೆಟ್ಟಿಲಿನಲ್ಲೂ ರನ್‌ವೇ ಕಾಣದಿದ್ದರೆ ಮೇಲೆತ್ತಿಕೊಂಡು ಹೋಗಬೇಕು. ಎತ್ತರದ ಮೀಟರಿಗೆ ತನ್ನಷ್ಟಕ್ಕೆ ಬುದ್ಧಿ ಇಲ್ಲ, ಅದು ಗಾಳಿಯ ಒತ್ತಡ ನೋಡಿ ಲೆಕ್ಕ ಹೇಳುತ್ತದೆ. ಆ ಹೊತ್ತಿನ ಒತ್ತಡ ಎಷ್ಟೆಂದು ಕೆಳಗಿನಿಂದ ರೇಡಿಯೋದಲ್ಲಿ ಹೇಳುತ್ತಾರೆ, ಆ ಸಂಖ್ಯೆಯನ್ನು ಗುಂಡಿ ತಿರುಗಿಸಿ ಕೂರಿಸಬೇಕು. ನನಗೊಂದು ಮೀಟರು, ಬಲಗಡೆ ಕೂತ ಕೋ-ಪೈಲಟ್‌ಗೆ ಒಂದು.

ಆವತ್ತಿನ ಒತ್ತಡ ಒಂಬೈನೂರ ತೊಂಬತ್ತೆಂಟು. ನನ್ನ ಮೀಟರಿನಲ್ಲಿ ಸಾವಿರದ ಎಂಟು ಕೂತಿತ್ತು. ಹತ್ತು ಅಂಕಿ ಹೆಚ್ಚಾದರೆ ಮೀಟರು ಮುನ್ನೂರು ಅಡಿ ಹೆಚ್ಚಿಗೆ ಸುಳ್ಳು ಹೇಳುತ್ತದೆ.

“ಕೂತಿತ್ತು ಅಂದ್ರೆ? ಯಾರ್ ಕೂರ್ಸದ್ದ್?” ಅತ್ತಿಗೆ ಕೇಳಿದಳು.

ಆ ವಾರವಿಡೀ ಅಲ್ಲಿ ಸಾವಿರದ ಎಂಟೇ ಇತ್ತು, ರೇಡಿಯೋದಲ್ಲಿ ಮಾತಾಡಿದವನು ಬಾಯಲ್ಲಿ ಗುಟ್ಕಾ ಇಟ್ಟುಕೊಂಡ ಹಾಗೆ ಮಾತಾಡಿದ ಎಂದೆಲ್ಲ ವಿವರಿಸಿದೆ. ಅಂತೂ ನಾವು ಇರಬೇಕಾದ್ದಕ್ಕಿಂತ ಮುನ್ನೂರು ಅಡಿ ಕೆಳಗಿದ್ದೆವು. ನೆಲ ಹತ್ತಿರ ಬಂದರೆ ಕಿರುಚುವ ಯಂತ್ರ ಒಂದಿದೆ, ಅದು ‘ಪುಲ್ ಅಪ್’ ಎಂದು ಬೊಬ್ಬೆ ಹೊಡೆಯಿತು. ಎಳೆದೆ. ಮೋಡ ಹರಿದ ಒಂದು ಕಡೆ ಮರದ ತಲೆಗಳು ಕಂಡವು, ಎಲೆ ಎಣಿಸಬಹುದಿತ್ತು. ಎರಡನೇ ಸಲ ಸಂಖ್ಯೆ ಸರಿ ಮಾಡಿಕೊಂಡು ಸುತ್ತಿ ಬಂದು ನೀಟಾಗಿ ಇಳಿಸಿದೆ. ಹಿಂದೆ ಅರುವತ್ತೆಂಟು ಜನ ಕೂತಿದ್ದರು. ಅವರಲ್ಲಿ ಒಬ್ಬ ಚಪ್ಪಾಳೆ ಹೊಡೆದ.

“ಪಕ್ಕದಂಗ್ ಕೂತದ್ ಎಂತ ಮಾಡ್ತಿದ್ದಿತ್?”

ಅವಳು ಏನೂ ಹೇಳಲಿಲ್ಲ ಎಂದೆ. ಕಂಪೆನಿಗೆ ಕೊಟ್ಟ ಹೇಳಿಕೆಯಲ್ಲೂ ಹಾಗೇ ಬರೆದಿದ್ದೇನೆ. ‘ಸಹ ಪೈಲಟ್ ಎತ್ತರದ ಬಗ್ಗೆ ಎಚ್ಚರಿಸಲಿಲ್ಲ.’

ಜೂನ್ ೧೪, ಶುಕ್ರವಾರ

ಅಣ್ಣನ ಓಮ್ನಿಯನ್ನು ಅಂಗಳದಿಂದ ಹಿಂದೆ ತೆಗೆಯುವಾಗ ಬಟ್ಟೆ ಒಗೆಯುವ ಕಲ್ಲಿಗೆ ತಾಗಿತು. ಹಿಂದಿನ ದೀಪ ಪುಡಿ. ಬಟ್ಟೆ ಒಗೆಯುವ ಕಲ್ಲನ್ನು ಅಂಗಳದ ಆ ಮೂಲೆಯಲ್ಲಿ ಯಾರಾದರೂ ಇಡುತ್ತಾರೆಯೇ? ಇಪ್ಪತ್ತು ವರ್ಷದಿಂದ ಅಲ್ಲೇ ಇದೆಯಂತೆ. ಇಪ್ಪತ್ತು ವರ್ಷದಿಂದ ತಪ್ಪು ಜಾಗದಲ್ಲಿದೆ ಎಂದಾಯಿತು.

ಅತ್ತಿಗೆ ಹಿಂದೆ ನಿಂತು “ಬರ್ಲಿ, ಬರ್ಲಿ, ಬರ್ಲಿ” ಅನ್ನುತ್ತಿದ್ದಳು. ಆಮೇಲೆ “ಸಾಕ್” ಅಂದಳು. ನಾನು “ಗೊತ್ತಿತ್ತ್ ಅತ್ಗೆ” ಅಂದೆ. “ಸಾಕ್ ಅಂದ್ನಲ್ಲ ಮಾರಾಯಾ!” ಅಂದದ್ದು ಕಲ್ಲಿಗೆ ತಾಗಿದ ಮೇಲೋ ಮೊದಲೋ, ಆ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ.

“ಪ್ಲೇನಿಗ್ ರಿವರ್ಸ್ ಗೇರ್ ಇಲ್ದೆ ಇಪ್ದ್ ಜನರ ಪುಣ್ಯ” ಎಂದು ಗೊಣಗುತ್ತ ಗಾಜು ಗುಡಿಸಿದಳು. ಮಧ್ಯಾಹ್ನ ಒಣಸಿಗಡಿ ಚಟ್ನಿ ಬಡಿಸುವಾಗ ನನ್ನ ಪಾಲಿಗೆ ಕಮ್ಮಿ ಬಂತು.

ಜೂನ್ ೧೯, ಬುಧವಾರ

ಕಂಪೆನಿಯ ಸುರಕ್ಷತಾ ವಿಭಾಗದ ರವಿಚಂದ್ರ ಫೋನ್ ಮಾಡಿದ್ದರು. ಒಳ್ಳೆಯ ಸುದ್ದಿ.

ಕಾಕ್‌ಪಿಟ್‌ನ ಮಾತು ಹಿಡಿಯುವ ಪೆಟ್ಟಿಗೆಯಲ್ಲಿ ಕೊನೆಯ ಎರಡು ಗಂಟೆಯ ಮಾತು ಮಾತ್ರ ಉಳಿಯುತ್ತದೆ. ನಾವು ಅದೇ ವಿಮಾನದಲ್ಲಿ ವಾಪಸ್ ಹಾರಿ ಬಂದ ಮೇಲೆ ವರದಿ ಮಾಡಿದ್ದರಿಂದ ಆ ಇಳಿತದ ಮಾತು ಪೂರ್ತಿ ಅಳಿಸಿಹೋಗಿದೆ. ಮೊದಲು ವಾಪಸ್ ಹೋಗೋಣ, ಆಮೇಲೆ ಬರೆದರಾಯಿತು ಅಂದವನು ನಾನೇ. ಗುಂಡಿ ತಿರುಗಿಸಿದ್ದು ಮಾತ್ರ ಇನ್ನೊಂದು ಪೆಟ್ಟಿಗೆಯಲ್ಲಿ ದಾಖಲಾಗಿದೆ: ಎಡಗಡೆ ಮೊದಲಿನಿಂದಲೂ ಸಾವಿರದ ಎಂಟು. ಬಲಗಡೆ ಮೊದಲು ಸರಿಯಾಗಿ ಒಂಬೈನೂರ ತೊಂಬತ್ತೆಂಟು ಇತ್ತು, ನಡುವೆ ಸಾವಿರದ ಎಂಟಕ್ಕೆ ಬದಲಾಗಿದೆ.

“ಸರಿ ಇದ್ದದ್ದನ್ನು ಅವಳೇ ಕೆಡಿಸಿದ್ದಾಳೆ ಕ್ಯಾಪ್ಟನ್” ಅಂದರು ರವಿಚಂದ್ರ. “ತನ್ನದೇ ತಪ್ಪಿರಬೇಕು ಅಂದುಕೊಂಡು ತಾನಾಗಿ ಬದಲಾಯಿಸಿದೆ, ನಿಮಗೆ ಏನೂ ಹೇಳಲಿಲ್ಲ ಅಂತ ಬರೆದುಕೊಟ್ಟಿದ್ದಾಳೆ. ನಿಮ್ಮ ಹೇಳಿಕೆಗೂ ಅವಳದ್ದಕ್ಕೂ ಪಕ್ಕಾ ತಾಳೆ ಆಗುತ್ತದೆ. ನಿಮಗೆ ಒಂದು ತಿಂಗಳ ತರಬೇತಿ, ಅಷ್ಟೆ. ಅವಳನ್ನು ಮಾತ್ರ ಇಟ್ಟುಕೊಳ್ಳುವುದು ಕಷ್ಟ. ಬೇರೆ ಕಂಪೆನಿಯವರೂ ಇಂಥವರನ್ನು ತೆಗೆದುಕೊಳ್ಳುವುದಿಲ್ಲ.”

ಅವಳು ಸಿಂಚನಾ. ಇಪ್ಪತ್ತಾರು ವರ್ಷ, ಸಾಲಿಗ್ರಾಮದವಳು, ತಂದೆ ದೇವಸ್ಥಾನದಲ್ಲಿ ಪೂಜೆಯವರು.

ನಿರಾಳವಾಯಿತು. ಅಣ್ಣನಿಗೆ ಹೇಳಿದೆ, ಅವನು “ಹೌದಾ” ಅಂದು ಬಲೆ ಹೊಲಿಯುತ್ತಲೇ ಇದ್ದ.

ಜೂನ್ ೨೦

ಈ ಹುಡುಗಿಗೆ ಸುಳ್ಳು ಹೇಳು ಅಂದವರು ಯಾರು?

ಜೂನ್ ೨೧

ಅಲ್ಲ, ನಾನಂತೂ ಹೇಳಿರಲಿಲ್ಲ. ಅವಳ ಪಾಡಿಗೆ ಅವಳು ನಿಜ ಬರೆಯಬಹುದಿತ್ತು. ಆಗ ನಾನು ಇಲ್ಲ ಅನ್ನುತ್ತಿದ್ದೆ, ಅವಳು ಹೌದು ಅನ್ನುತ್ತಿದ್ದಳು, ಸಮಿತಿಯವರು ಯಾರಾದರೊಬ್ಬರನ್ನು ನಂಬುತ್ತಿದ್ದರು. ನ್ಯಾಯವಾಗಿ ನಡೆಯುತ್ತಿತ್ತು. ಈಗ ನೋಡಿದರೆ ಕೊಳೆ ಎಲ್ಲ ನನ್ನ ತಲೆಗೆ ಹಚ್ಚಿ ಅವಳು ಸಾಲಿಗ್ರಾಮದಲ್ಲಿ ಆರಾಮಾಗಿ ಕೂತಿದ್ದಾಳೆ. ಏನು ಬರೆಯುತ್ತಿದ್ದೇನೋ ನನಗೇ ಗೊತ್ತಿಲ್ಲ. ಅತ್ತಿಗೆ ಊಟಕ್ಕೆ ಕರೆದಳು, ಹಸಿವಿಲ್ಲ ಅಂದೆ. “ಒಂದ್ ತಿಂಗ್ಳ್ ತರಬೇತಿ ಅಂದ್ರೆ ಉಪವಾಸವಾ?” ಅಂದಳು.

ಜೂನ್ ೨೩, ಭಾನುವಾರ

ಜೋರು ಮಳೆ. ಅಣ್ಣನ ಜೊತೆ ಚಾವಡಿಯಲ್ಲಿ ಕೂತು ಬಲೆಯ ಹರಿದ ಕಣ್ಣುಗಳನ್ನು ಹುಡುಕಿ ಕೊಡುತ್ತಿದ್ದೆ. ಅವನು ಮಾತಾಡುವವನಲ್ಲ, ಬೋಟಿನ ತಾಂಡೇಲ, ಇಪ್ಪತ್ತೆಂಟು ಜನರ ಯಜಮಾನ. ನಾನೇ ಕೇಳಿದೆ, ಅಳಿವೆಬಾಗಿಲಲ್ಲಿ ಬೋಟು ನೆಲಕ್ಕೆ ತಾಗದ ಹಾಗೆ ಹೇಗೆ ತರುತ್ತೀ ಎಂದು. ನದಿ ಸಮುದ್ರ ಸೇರುವ ಆ ಜಾಗದಲ್ಲಿ ಮರಳು ದಿನಕ್ಕೊಂದು ಕಡೆ ಗುಡ್ಡೆ ಬೀಳುತ್ತದೆ.

“ನಂಗೆ ಹಿಂದಿಂದ ಎಂತ ಕಾಂತಿಲ್ಲ. ಮುಂದ್ ನಿಂತವ ಹೇಳ್ತ, ನಾ ತಿರ್ಗ್ಸ್ತೆ.”

“ಅವ ಹೇಳುಕ್ ಹೆದ್ರಿದ್ರೆ?”

ಅಣ್ಣ ದಾರ ಹಲ್ಲಿನಲ್ಲಿ ಕಚ್ಚಿ ಕಡಿದ. “ಅದ್ಕೇ ಅಳಿವೆ ಒಳ್ಗ್ ಯಾರೂ ನಂಗ್ ಅಣ್ಣ ಅಂಬ್ಕಿಲ್ಲ. ನಮ್ಮ ಬೋಟಂಗೆ ಹಾಂಗೇ. ‘ಏ ಕುರ್ಡಾ, ಎಡಕ್ಕ್ ಹೊಡಿ, ನಿನ್ನ ಕಣ್ ಹೊಟ್ಟಿಹೋಯಿತ್ತಾ’ ಅಂದೇ ಬೈತ್ರ್. ಮೊನ್ನೆ ಸೇರಿದವ್ನೂ ಬೈಲಕ್ಕ್. ಮರ್ಯಾದಿ ಎಲ್ಲ ಬೋಟ್ ದಡದ ದಕ್ಕಿ ಮುಟ್ಟಿದ್ಮೇಲೆ. ಅಳಿವೆ ಒಳ್ಗ್ ಅಣ್ಣ ಅಂದ್ರೆ ನಾನೇ ಕೆಳ್ಗ್ ಇಳ್ಸ್ತೆ.”

ಅಷ್ಟು ಮಾತಾಡಿದ್ದಕ್ಕೆ ಅವನಿಗೇ ಸುಸ್ತಾಗಿ ಎಲೆಯಡಿಕೆ ಹಾಕಿಕೊಂಡ. ನಾನು ಎದ್ದು ಬಂದೆ.

ಬರೆದುಬಿಡುತ್ತೇನೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ.

ಮೊದಲ ದಿನವೇ ನಾನು ಸಿಂಚನಾಗೆ ಹೇಳಿದ್ದೆ, “ನಂಗೆ ಸರ್ ಗಿರ್ ಅನ್ಬೇಡ, ಅಣ್ಣ ಅನ್. ನಾವ್ ಒಂದೇ ಊರಿನವ್ರ್.” ಇಡೀ ಕಂಪೆನಿಯಲ್ಲಿ ಕುಂದಾಪ್ರ ಕನ್ನಡ ಮಾತಾಡುವವರು ನಾವಿಬ್ಬರೇ. ಅವಳು ಅಣ್ಣ ಅಂದದ್ದು ನನಗೆ ಖುಷಿಯಾಗಿತ್ತು, ಉಳಿದ ಕ್ಯಾಪ್ಟನ್‌ಗಳಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ದಿನ ಮೋಡದೊಳಗೆ ಇಳಿಯುವಾಗ ನಾನು ಅವಳಿಗೆ ಬಂಗಡೆ ಪುಳಿಮುಂಚಿ ಸಾರಿನ ಕಥೆ ಹೇಳುತ್ತಿದ್ದೆ. ಹತ್ತು ಸಾವಿರ ಅಡಿಯ ಕೆಳಗೆ ಹರಟೆ ಹೊಡೆಯಬಾರದು ಎಂಬ ನಿಯಮವಿದೆ. ಅದನ್ನು ತರಬೇತಿಯಲ್ಲಿ ಅವಳಿಗೆ ಕಲಿಸಿದವನೂ ನಾನೇ. ಪಾಪ, ಮೀನು ತಿನ್ನದ ಹುಡುಗಿ ಹೂಂ ಹೂಂ ಅನ್ನುತ್ತ ಕೇಳುತ್ತಿದ್ದಳು.

ನಡುವೆ ಹೇಳಿದಳು, “ಅಣ್ಣ, ನನ್ನ ಮೀಟ್ರಂಗೆ ಮುನ್ನೂರ್ ಅಡಿ ಕಮ್ಮಿ ತೋರ್ಸ್ತಿತ್ತಲ್ದಾ?”

“ಗೊತ್ತಿತ್ತ್” ಅಂದೆ. ಗೊತ್ತಿರಲಿಲ್ಲ. “ನಿಂದ್ ತಪ್ಪಿತ್ತ್, ನಂದ್ಕೆ ಸರಿ ಮಾಡ್ಕೋ.”

ಸರಿ ಮಾಡಿಕೊಂಡಳು. ಎರಡು ಮೀಟರೂ ಒಂದೇ ಸಂಖ್ಯೆ ತೋರಿಸಿದವು. ನಾನು ಪುಳಿಮುಂಚಿಗೆ ವಾಪಸ್ ಹೋದೆ.

ಒಂದು ಸಲ ಹೇಳಿದಳೋ, ಎರಡು ಸಲವೋ. ಒಂದು ಸಲ.

ಜೂನ್ ೨೬, ಬುಧವಾರ

ಸಾಲಿಗ್ರಾಮಕ್ಕೆ ಹೋಗಿ ಬಂದೆ. ಓಮ್ನಿ ಕೇಳಿದ್ದಕ್ಕೆ ಅತ್ತಿಗೆ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು, ಹಾಗಾಗಿ ಬಸ್ಸು. ಕುಂದಾಪುರದ ತನಕ ನಿಂತೇ ಹೋದೆ, ಅಲ್ಲಿಂದ ಮುಂದೆ ಕಿಟಕಿ ಪಕ್ಕ ಸೀಟು ಸಿಕ್ಕಿತು, ಕಿಟಕಿ ಸೋರುತ್ತಿತ್ತು.

ಸಿಂಚನಾಳ ತಂದೆ ಗುರುಪ್ರಸಾದರು ಆಗಷ್ಟೇ ಮಧ್ಯಾಹ್ನದ ಪೂಜೆ ಮುಗಿಸಿ ಬಂದಿದ್ದರು. ನನ್ನ ಹೆಸರು ಕೇಳಿದ್ದೇ ಹೆಗಲ ಮೇಲಿನ ಶಾಲು ಸರಿ ಮಾಡಿಕೊಂಡು ಎರಡೂ ಕೈ ಮುಗಿದರು. “ನೀವ್ ಆ ದಿನ ಪ್ಲೇನ್ ಎಳಿದೇ ಇದ್ದಿದ್ರೆ ನಮ್ಮ ಹೆಣ್ ನಮ್ಗಿಲ್ಲ. ಅದೇ ಹೇಳಿತ್. ಬನ್ನಿ, ಕೂಕಣಿ.”

ಆ ಕೈ ನೋಡಿ ನಾಚಿಕೆಯಾಯಿತು. ಮನೆಯಲ್ಲೂ ಅವಳು ನನ್ನನ್ನು ದೇವರು ಮಾಡಿಟ್ಟಿದ್ದಾಳೆ! ಕೊಟ್ಟ ಕಾಫಿಯನ್ನು ಹಾಗೇ ಕೆಳಗಿಟ್ಟೆ.

ತಂದೆ ಒಳಗೆ ಊಟಕ್ಕೆ ಹೋದ ಮೇಲೆ ಅವಳನ್ನು ಕೇಳಿದೆ, “ಎಂತಕ್ಕೆ ಹಾಂಗ್ ಬರ್ದದ್ ನೀನ್?”

ಅವಳು ತೂಕ ಇಳಿದಿದ್ದಾಳೆ. ಕಂಬಕ್ಕೆ ಒರಗಿ ನಿಂತೇ ಹೇಳಿದಳು, “ನೀವ್ ಬರ್ದದ್ದನ್ನ ಕಂಪೆನಿಯವ್ರ್ ನಂಗ್ ಮೊದ್ಲೇ ಓದಿ ಹೇಳಿದ್ರ್. ಸಹ ಪೈಲಟ್ ಎಚ್ಚರ್ಸ್ಲಿಲ್ಲ ಅಂದ್ ಇದ್ದಿತ್. ಹದ್ನೆಂಟ್ ವರ್ಷ ಸರ್ವೀಸ್ ಆದ ಕ್ಯಾಪ್ಟನ್ ಒಂದ್ ಹೇಳಿ, ನಾನ್ ಇನ್ನೊಂದ್ ಹೇಳಿದ್ರೆ ಯಾರ್ ನಂಬ್ತ್ರ್? ಅದ್ಕೆ ನಿಮ್ಮದ್ಕೆ ಸರಿ ಮಾಡ್ಕಂಡೆ.”

“ನಾ ನಿಜ ಬರಿತೆ. ನೀನೂ ನಿಂದ್ ಬದ್ಲ್ ಮಾಡ್. ಎಂತ ಬರೂದ್ ಅಂತ ನಾ ಹೇಳ್ತೆ, ಕಾಗ್ದ ತಕಂಬಾ.”

ಅವಳು ಕಾಗದ ತರಲಿಲ್ಲ. “ಯತೀಶಣ್ಣ, ಒಂದ್ ಸಲ ನಿಮ್ಮ ಮೀಟ್ರಿಗೆ ಸರಿ ಮಾಡ್ಕಂಡೆ. ಇನ್ನೊಂದ್ ಸಲ ನಿಮ್ಮ ಕಾಗ್ದಕ್ಕೆ. ಮೂರ್ನೇ ಸಲ ನಂಗ್ ಆತಿಲ್ಲ. ನೀವ್ ನಿಮ್ಮದ್ ಬರೀರಿ. ನಾ ಎಂತ ಮಾಡ್ತೆ ಅಂಬ್ದ್ ನಿಮ್ಗ್ ಹೇಳುದಿಲ್ಲ.”

ಹೇಳಿ ಒಳಗೆ ಹೋಗಿ ತಂದೆಗೆ ಮಜ್ಜಿಗೆ ಬಡಿಸಿದಳು. ಮಳೆಯಲ್ಲಿ ಅಷ್ಟು ದೂರ ಹೋದವನಿಗೆ ಇದು ಮರ್ಯಾದೆಯೇ? ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ಅವಳನ್ನೇ ಬೈದುಕೊಂಡು ಬಂದೆ. ಹೆಮ್ಮಾಡಿ ದಾಟಿ ತ್ರಾಸಿಗೆ ಬಂದ ಮೇಲೆ ಇಳಿಯುವುದು ನೆನಪಾಯಿತು.

ಜೂನ್ ೨೭

ಬರೆದು ಕಳುಹಿಸಿದೆ. ಮೊದಲ ಹೇಳಿಕೆ ಎರಡೂವರೆ ಪುಟ ಇತ್ತು, ಇದು ನಾಲ್ಕು ಸಾಲು. ಸಂಖ್ಯೆಯನ್ನು ತಪ್ಪು ಕೂರಿಸಿದವನು ನಾನು. ಅವಳು ಹೇಳಿದಳು, ನಾನು ನೋಡಲಿಲ್ಲ. ಅವಳ ಮೀಟರನ್ನು ಬದಲಾಯಿಸಲು ಹೇಳಿದವನೂ ನಾನು. ಮೊದಲ ಹೇಳಿಕೆ ಸುಳ್ಳು.

ಅರ್ಧ ಗಂಟೆಯೊಳಗೆ ರವಿಚಂದ್ರರ ಫೋನು. “ತಾಳೆ ಆಗಿದ್ದದ್ದನ್ನು ಯಾಕೆ ಕೆದಕುತ್ತೀರಿ ಕ್ಯಾಪ್ಟನ್? ಅವಳ ಹೇಳಿಕೆ ಇನ್ನೂ ಹಳೆಯದೇ ಇದೆ, ಬದಲಾಯಿಸಿಲ್ಲ.” ಆಮೇಲೆ ದನಿ ತಗ್ಗಿಸಿ ಹೇಳಿದರು, “ಹೋಗಲಿ, ಅವಳು ಒಂದೇ ಸಲ ಹೇಳಿದ್ದಾದರೆ ಸರಿಯಾಗಿ ಕೇಳಿಸಲಿಲ್ಲ ಅಂತ ದಾಟಿಸಬಹುದು, ತಪ್ಪಿನ ಪಾಲು ಇಬ್ಬರಿಗೂ ಸಮ ಸಮ ಆಗುತ್ತದೆ. ಎರಡು ಸಲ ಹೇಳಿದ್ದರೆ ಮುಗಿಯಿತು. ಎರಡು ಸಲ ಎಚ್ಚರಿಸುವುದೇ ಸಹ ಪೈಲಟ್‌ನ ಕೆಲಸ, ಅಲ್ಲಿಗೆ ಅವಳು ತನ್ನ ಕೆಲಸ ಮಾಡಿದಳು ಅಂತಾಗುತ್ತದೆ. ನಿಮ್ಮ ಎಡಗಡೆ ಸೀಟು, ಕ್ಯಾಪ್ಟನ್ ಪಟ್ಟ, ಹೋಗುತ್ತದೆ. ಗೊತ್ತಲ್ಲ?”

“ನೀವು ಹೇಳಿದ್ದು ಒಳ್ಳೆಯದಾಯಿತು” ಅಂದೆ.

ಜುಲೈ ೧

ಕೋಣೆಯಲ್ಲಿ ಕೂತಿದ್ದರೆ ಅದೇ ಅದೇ ಯೋಚನೆ. ಅಣ್ಣನ ಓಮ್ನಿಗೆ ಹೊಸ ದೀಪ ಹಾಕಿಸಿಕೊಂಡು ಬಂದೆ. ಒಳಗೆ ನಿಲ್ಲಿಸುವಾಗ ಅತ್ತಿಗೆ “ಸಾಕ್” ಅಂದಲ್ಲಿಗೆ ನಿಲ್ಲಿಸಿದೆ. ಕಲ್ಲಿಗೂ ಗಾಡಿಗೂ ನಡುವೆ ಒಂದು ಎಮ್ಮೆ ತೂರುವಷ್ಟು ಜಾಗ ಉಳಿದಿತ್ತು. ಅವಳು ಬಹಳ ಬೇಗ ಸಾಕು ಅನ್ನುತ್ತಾಳೆ.

ಜುಲೈ ೪, ಗುರುವಾರ

ವಿಚಾರಣೆ ಇತ್ತು, ವಿಡಿಯೋದಲ್ಲಿ. ಹನ್ನೊಂದಕ್ಕೆ ಅಂದಿದ್ದರು, ಹನ್ನೊಂದಕ್ಕೇ ಕರೆಂಟು ಹೋಯಿತು. ಮಹಡಿಯ ಕೋಣೆಯಲ್ಲಿ ಅಣ್ಣನ ಬೋಟಿನ ಬ್ಯಾಟರಿಗೆ ರೂಟರ್ ಸಿಕ್ಕಿಸಿಕೊಂಡು ಕೂತೆ. ಅತ್ತಿಗೆ ಬಾಗಿಲಲ್ಲಿ ಬಟ್ಟೆ ಮಡಚುವ ನೆವದಲ್ಲಿ ನಿಂತಿದ್ದಳು. ಒಂದೇ ಲಂಗವನ್ನು ಆರು ಸಲ ಮಡಚಿದಳು.

ಸಮಿತಿಯಲ್ಲಿ ಮೂವರು, ಮೂವರೂ ಉತ್ತರದವರು. ಸಾಲಿಗ್ರಾಮದಿಂದ ಸಿಂಚನಾ ಒಂದು ಸಣ್ಣ ಚೌಕದಲ್ಲಿ. ತಲೆ ತಗ್ಗಿಸಿ ಕೂತಿದ್ದಳು.

ಅಧ್ಯಕ್ಷರು ಮೊದಲು ಅವಳನ್ನೇ ಕೇಳಿದರು. “ನಾನಾಗಿ ಬದಲಾಯಿಸಿದೆ ಅಂತ ನೀವು ಬರೆದಿದ್ದೀರಿ. ಬದಲಾಯಿಸಲು ಹೇಳಿದವನು ನಾನೇ ಅಂತ ಕ್ಯಾಪ್ಟನ್ ಈಗ ಬರೆದಿದ್ದಾರೆ. ಯಾವುದು ಸರಿ?”

ಅವಳು ಮಾತಾಡಲಿಲ್ಲ. ಎರಡನೇ ಸಲ ಕೇಳಿದರು. ಆಗಲೂ ಇಲ್ಲ. ಅಧ್ಯಕ್ಷರು ನಿಟ್ಟುಸಿರು ಬಿಟ್ಟು ಏನೋ ಬರೆದುಕೊಂಡು ನನ್ನ ಕಡೆ ತಿರುಗಿದರು. “ಕ್ಯಾಪ್ಟನ್, ಆಕೆ ನಿಮಗೆ ಎಷ್ಟು ಸಲ ಹೇಳಿದರು?”

“ಒಂದು ಸಲ” ಅಂದೆ. ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ, ವಿಮಾನ ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಪ್ರಯಾಣಿಕರಿಗೆ ತಿಳಿಸುವ ದನಿಯಲ್ಲಿ.

“ಸುಳ್ಳ್!”

ಲ್ಯಾಪ್‌ಟಾಪಿನ ಸ್ಪೀಕರು ಗರ್ ಅಂದಿತು. ಸಿಂಚನಾ ಎದ್ದು ನಿಂತಿದ್ದಳು, ಚೌಕದಲ್ಲಿ ಅವಳ ಕುತ್ತಿಗೆಯಿಂದ ಕೆಳಗೆ ಮಾತ್ರ ಕಾಣುತ್ತಿತ್ತು. “ಎರಡ್ ಸಲ ಹೇಳಿದ್ದೆ! ಎರಡ್ನೇ ಸಲ ಕೈ ಹಿಡ್ದ್ ಹೇಳಿದ್ದೆ, ಕೊಡ್ಕಂಡ್ರಿ, ನಿಮ್ಮ ಮೀನಿನ ಕಥೆ ನಿಲ್ಸ್ಲ! ಕಣ್ ಕಾಂತಿಲ್ಯಾ ನಿಮ್ಗೆ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಸಿಂಚನಾಳಿಗೆ ಇಂಗ್ಲಿಷ್ ಎಲ್ಲಿ ಹೋಯಿತೋ ಗೊತ್ತಿಲ್ಲ, ಕೂತವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

“ಕ್ಯಾಪ್ಟನ್” ಅಂದರು ಅಧ್ಯಕ್ಷರು, “ಆಕೆ ಏನು ಹೇಳಿದರು?”

ಆ ಮಾತು ಗೊತ್ತಿದ್ದವನು ನಾನೊಬ್ಬ. ಅಧ್ಯಕ್ಷರು ಪೆನ್ನು ಹಿಡಿದು ಕಾಯುತ್ತಿದ್ದರು. ಬಾಗಿಲಲ್ಲಿ ಅತ್ತಿಗೆ ಮಡಚುವುದು ನಿಲ್ಲಿಸಿದ್ದಳು.

ಆ ದಿನ ನನ್ನ ತೋಳಿನ ಮೇಲೆ ಸಿಂಚನಾಳ ಕೈ. ಹೌದು. ನಾನು ಕೊಡವಿಕೊಂಡಿದ್ದೆ, ನೊಣ ಕೂತ ಹಾಗೆ. ಈಗ ನೆನಪಾಯಿತು ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳು. ಮರೆತದ್ದೇ ಇಲ್ಲ.

“ನಾನು ಹೇಳಿದ್ದು ಸುಳ್ಳು ಅಂತ ಹೇಳಿದಳು” ಎಂದು ಅನುವಾದ ಮಾಡಿದೆ. “ತಾನು ಎರಡು ಸಲ ಎಚ್ಚರಿಸಿದೆ, ಎರಡನೇ ಸಲ ಕೈ ಹಿಡಿದು ಎಚ್ಚರಿಸಿದೆ, ನಾನು ಕೈ ಕೊಡವಿ ಮೀನಿನ ವಿಷಯ ಮಾತಾಡುತ್ತಲೇ ಇದ್ದೆ ಅಂದಳು. ನನಗೆ ಕಣ್ಣು ಕಾಣುವುದಿಲ್ಲವೇ ಎಂದು ಕೇಳಿದಳು.”

“ಇದರಲ್ಲಿ ನಿಮಗೆ ತಕರಾರಿರುವುದು ಯಾವುದು?”

“ಯಾವುದೂ ಇಲ್ಲ. ಎರಡು ಸಲ.”

ಅಧ್ಯಕ್ಷರು ಬಹಳ ಹೊತ್ತು ಬರೆದುಕೊಂಡರು. ಆಮೇಲೆ, ಮೊದಲಿನಿಂದ ಕೊನೆಯ ತನಕ ಇನ್ನೊಮ್ಮೆ ಹೇಳಿ ಕ್ಯಾಪ್ಟನ್, ಅಂದರು. ಸಿಂಚನಾ ಕಣ್ಣೊರೆಸಿಕೊಂಡು ಕ್ಯಾಮೆರಾ ಸರಿ ಮಾಡಿಕೊಂಡಳು. ಮೈಕು ಆಫ್ ಮಾಡಲಿಲ್ಲ, ಮುಂದೆ ಬಾಗಿ ನನ್ನ ಬಾಯನ್ನೇ ನೋಡುತ್ತ ಕೂತಳು. ನಾನು ಒಂದ್ಸಲ ನೀರು ಕುಡಿದು, ಅವಳು ಎಲ್ಲಿ ಬೇಕಾದರೂ ನಡುವೆ ಬಾಯಿ ಹಾಕಲು ಆಗುವಷ್ಟು ನಿಧಾನವಾಗಿ ಹೇಳತೊಡಗಿದೆ.